ಢಾಬಾ ಮುಟ್ಟದ ಲಾರಿ

ನಾನು ನಿವೃತ್ತನಾಗಲು ಹನ್ನೊಂದು ತಿಂಗಳು ಬಾಕಿ ಇದ್ದಾಗಿನ ಮಾತು ಇದು. ಯಲಬುರ್ಗಾಕ್ಕೂ ಕುಷ್ಟಗಿಗೂ ನಡುವೆ ಬರುವ ಒಂದು ಪೊಲೀಸ್ ಠಾಣೆಯಲ್ಲಿ ಆಗ ಎಎಸ್‌ಐ ಆಗಿದ್ದೆ. ಠಾಣೆಯ ಹೆಸರು ಹೇಳುವುದಿಲ್ಲ. ಅಲ್ಲಿ ಈಗ ಇರುವವರಿಗೂ ಈ ಸಂಗತಿಗೂ ಸಂಬಂಧವಿಲ್ಲ. ತಪ್ಪು ಮಾಡಿದವನು ನಾನು, ಹೇಳುತ್ತಿರುವವನೂ ನಾನೇ. ಮೂವತ್ತೈದು ವರ್ಷದ ನೌಕರಿಯಲ್ಲಿ ಕೊಲೆ ನೋಡಿದ್ದೇನೆ, ದೊಂಬಿ ನೋಡಿದ್ದೇನೆ, ಹೆಣ ಹೊತ್ತಿದ್ದೇನೆ. ಆದರೆ ಇವತ್ತಿಗೂ ಊಟಕ್ಕೆ ಕೂತಾಗ ನೆನಪಾಗುವುದು ಒಂದು ಮೊಬೈಲ್ ಆಟದ ಪ್ರಕರಣ. ನಗುವವರು ನಗಲಿ.

ಮೊದಲು ನನ್ನ ಬಗ್ಗೆ ಎರಡು ಮಾತು. ಇಲಾಖೆಯಲ್ಲಿ ನನ್ನನ್ನು ‘ಅರಗಿನ ಶರಣಪ್ಪ’ ಎಂದು ಕರೆಯುತ್ತಿದ್ದರು. ಹದಿನೆಂಟು ವರ್ಷ ಬೇರೆ ಬೇರೆ ಠಾಣೆಗಳಲ್ಲಿ ರೈಟರ್ ಆಗಿದ್ದೆ, ಅಂದರೆ ದೂರು, ಹೇಳಿಕೆ, ಪಂಚನಾಮೆ ಎಲ್ಲ ಬರೆಯುವವನು. ಸ್ಥಳದಲ್ಲಿ ಕಂಡದ್ದನ್ನು, ವಶಕ್ಕೆ ಪಡೆದದ್ದನ್ನು ಸಾಕ್ಷಿಗಳ ಎದುರು ಕಾಗದಕ್ಕೆ ಇಳಿಸುವುದೇ ಪಂಚನಾಮೆ. ವಶಕ್ಕೆ ಪಡೆದ ವಸ್ತುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದು, ದಾರ ಕಟ್ಟಿ, ಗಂಟಿನ ಮೇಲೆ ಅರಗು ಕಾಸಿ ಹನಿಸಿ, ಬಿಸಿ ಆರುವ ಮುಂಚೆ ಠಾಣೆಯ ಮುದ್ರೆ ಒತ್ತಬೇಕು. ನಾನು ಒತ್ತಿದ ಮುದ್ರೆಯನ್ನು ಯಾವ ವಕೀಲನೂ ಕೋರ್ಟಿನಲ್ಲಿ ಅಲ್ಲಾಡಿಸಿರಲಿಲ್ಲ. ಆ ಸೊಕ್ಕು ನನಗಿತ್ತು. ಕೋಪವೂ ಮೂಗಿನ ತುದಿಯಲ್ಲೇ ಇತ್ತು.

ಮೊಬೈಲ್ ಜಪ್ತಿ ಮಾಡುವಾಗ ನನ್ನದೊಂದು ಪದ್ಧತಿ ಇತ್ತು. ಕೈಗೆ ಬಂದ ಕೂಡಲೇ ಸ್ವಿಚ್ ಆಫ್ ಮಾಡುವುದು, ಆಮೇಲೆ ಬರೆಯಲು ಕೂಡುವುದು. ಆನ್ ಇದ್ದರೆ ಯಾರಾದರೂ ಎಲ್ಲಿಂದಲೋ ಅದರೊಳಗಿನದನ್ನು ಅಳಿಸಿಬಿಡಬಹುದು ಎಂದು ಯಾವುದೋ ತರಬೇತಿಯಲ್ಲಿ ಕೇಳಿದ್ದೆ. ಅದರಲ್ಲಿ ಅರ್ಧ ನಿಜ ಇತ್ತು. ಇನ್ನರ್ಧ ನಾನು ಕೇಳಿಸಿಕೊಳ್ಳುವ ಹೊತ್ತಿಗೆ ಚಹಾ ಬಂದಿರಬೇಕು.

ಅದು ಬೇಸಿಗೆಯ ಒಂದು ಬುಧವಾರ. ನಮ್ಮ ಪಿಎಸ್‌ಐ ಸಾಹೇಬರು ಹಿಂದಿನ ದಿನವೇ ಬಂದೋಬಸ್ತಿಗೆಂದು ಗಂಗಾವತಿಗೆ ಹೋಗಿದ್ದರು. ಠಾಣೆ ನನ್ನ ಕೈಯಲ್ಲಿತ್ತು. ಬೆಳಿಗ್ಗೆ ಎಂಟಕ್ಕೆ ಗಾಳಿವಿದ್ಯುತ್ ಕಂಪನಿಯೊಂದರ ಸೈಟ್ ಸೂಪರ್‌ವೈಸರ್ ಬಂದ. ನಮ್ಮ ಕಡೆ ಗುಡ್ಡದ ಸಾಲಿನ ಮೇಲೆಲ್ಲ ಗಾಳಿ ಕಂಬಗಳು ನಿಂತಿವೆ. ಜನ ಅವನ್ನು ‘ಫ್ಯಾನ್’ ಎನ್ನುತ್ತಾರೆ. ಅವುಗಳ ತಾಮ್ರದ ಕೇಬಲ್ ಮೇಲೆ ಕಳ್ಳರ ಕಣ್ಣು. ಅದಕ್ಕೇ ಕಂಪನಿಯವರು ಕಾವಲುಗಾರರನ್ನು ಇಟ್ಟಿರುತ್ತಾರೆ.

“ಸರ್, ಮೂರನೇ ಫ್ಯಾನಿನ ಕಡಿಂದ ನಲವತ್ತ ಮೀಟರ್ ಕೇಬಲ್ ಹೋಗೈತಿ. ಗಾರ್ಡ್ ರಾಜಾಸಾಬನೂ ಇಲ್ಲ. ನಿನ್ನಿ ಸಂಜಿ ಆರಕ್ಕ ಡ್ಯೂಟಿ ಬದಲಿ ಮಾಡಾಕ ಬಂದಾಂವ ನೋಡಿದ್ರ ಗಾರ್ಡ್ ರೂಮ್ ತೆರದೈತಿ, ಮನಷ್ಯಾ ಇಲ್ಲ. ಫೋನ್ ಸ್ವಿಚ್ ಆಫ್,” ಎಂದ.

ಕೇಬಲ್ ಇಲ್ಲ, ಕಾವಲುಗಾರ ಇಲ್ಲ, ಫೋನು ಬಂದ್. ನನಗೆ ಇನ್ನೇನು ಬೇಕಿತ್ತು? ರಾಜಾಸಾಬನ ಹೆಸರಿನ ಮೇಲೆ ಕಳವಿನ ಎಫ್‌ಐಆರ್ ಬರೆದೆ. ವಯಸ್ಸು ಇಪ್ಪತ್ತೇಳು, ಊರು ಕುಷ್ಟಗಿ. ಅವನ ತಾಯಿ ಮತ್ತು ತಂಗಿಯ ವಿಳಾಸ ಸೂಪರ್‌ವೈಸರನೇ ಕೊಟ್ಟ. ಜೀಪು ಕಳಿಸಬೇಕು ಎನ್ನುವಷ್ಟರಲ್ಲಿ, ಒಂಬತ್ತೂವರೆ ಸುಮಾರಿಗೆ, ಆ ತಂಗಿ ತಾನಾಗಿಯೇ ಠಾಣೆಯ ಮೆಟ್ಟಿಲು ಹತ್ತಿದಳು.

ಹೆಸರು ಶಾಹೀನ್, ಇಪ್ಪತ್ತನಾಲ್ಕರ ಹುಡುಗಿ, ಕುಷ್ಟಗಿಯಲ್ಲಿ ಬ್ಲೌಸ್ ಹೊಲಿಯುವವಳು. ಬಸ್ಸಿಳಿದು ಬಂದಿದ್ದಳು. ಎಡಗೈಯಲ್ಲಿ ಮೊಬೈಲು, ಬಲಗೈಯಲ್ಲಿ ಪವರ್ ಬ್ಯಾಂಕು, ಎರಡರ ನಡುವೆ ವೈರು. ಕಣ್ಣು ಕೆಂಪಾಗಿದ್ದವು. ಮೊಬೈಲಿನ ಪರದೆ ಆರಬಾರದೆಂದು ಅರ್ಧ ನಿಮಿಷಕ್ಕೊಮ್ಮೆ ಹೆಬ್ಬೆರಳಿನಿಂದ ಅದರ ಮೂಲೆಯನ್ನು ಸವರುತ್ತಿದ್ದಳು. ಪರದೆಯ ಮೇಲೆ ಒಂದು ಲಾರಿಯ ಚಿತ್ರ. ಗುಡ್ಡದ ಇಳಿಜಾರಿನ ತಿರುವಿನಲ್ಲಿ, ಉಳ್ಳಾಗಡ್ಡಿ ಚೀಲ ಹೇರಿಕೊಂಡು, ಸುಮ್ಮನೆ ನಿಂತಿತ್ತು.

“ಸಾಹೇಬ್ರ, ನಮ್ಮಣ್ಣಗ ಏನೋ ಆಗೈತ್ರಿ,” ಎಂದಳು. “ನಿನ್ನಿ ಸಂಜಿ ಐದೂವರಿಗೆ ಇಬ್ರೂ ಲಾರಿ ಆಟ ಆಡಾಕ ಹತ್ತಿದ್ವಿ. ಅಂವಾ ಒಮ್ಮಿಂದೊಮ್ಮೆಲೆ ಕಟ್ ಆದ. ಆಮ್ಯಾಲ ಫೋನ್ ಹತ್ತವಲ್ದು.”

ಆಟ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನನ್ನ ಪಿತ್ತ ನೆತ್ತಿಗೇರಿತು. ಆ ದಿನಗಳಲ್ಲಿ ನಮ್ಮ ಠಾಣೆಗೆ ಬರುತ್ತಿದ್ದ ಅರ್ಧ ತಕರಾರುಗಳು ಮೊಬೈಲ್ ಬೆಟ್ಟಿಂಗಿನವು. ಆಟದಲ್ಲಿ ಸೋತ, ಕೇಬಲ್ ಕತ್ತರಿಸಿದ, ಓಡಿದ. ನನ್ನ ತಲೆಯಲ್ಲಿ ಪ್ರಕರಣ ಅಷ್ಟಕ್ಕೇ ಮುಗಿದಿತ್ತು.

“ಎಷ್ಟು ಸೋತಾನ?” ಎಂದೆ.

“ರೊಕ್ಕದ ಆಟ ಅಲ್ರಿ ಸಾಹೇಬ್ರ. ಸುಮ್ನ ಆಡೂದು,” ಎಂದಳು.

ಸುಮ್ಮನೆ ಯಾರು ಆಡುತ್ತಾರೆ ಎಂದು ಗದರಿದೆ. ಆಕೆ ಗಡಬಡಿಸಿ ಏನೇನೋ ವಿವರಿಸಲು ಹೊರಟಳು. ಆವತ್ತು ನಾನು ಅದರಲ್ಲಿ ಕಾಲು ಭಾಗವನ್ನೂ ಕೇಳಲಿಲ್ಲ. ಓದುವವರಿಗೆ ಮುಂದಿನದು ತಿಳಿಯಬೇಕಾದರೆ ಆ ಆಟ ಏನೆಂದು ಇಲ್ಲಿಯೇ ಹೇಳಬೇಕು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅದು ಇಬ್ಬರು ಕೂಡಿ ಆಡುವ ಆಟ. ಇಬ್ಬರೂ ಬೇರೆ ಬೇರೆ ಊರಿನಲ್ಲಿರಬಹುದು, ಲಾರಿ ಮಾತ್ರ ಒಂದೇ. ಒಬ್ಬರ ಮೊಬೈಲಿನಲ್ಲಿ ಸ್ಟೇರಿಂಗು, ಇನ್ನೊಬ್ಬರ ಮೊಬೈಲಿನಲ್ಲಿ ಗೇರು ಮತ್ತು ಬ್ರೇಕು. ಘಾಟಿ ರಸ್ತೆಯಲ್ಲಿ ಸರಕು ಬೀಳಿಸದೆ ಮುಂದಿನ ಢಾಬಾ ತನಕ ಲಾರಿ ಒಯ್ಯಬೇಕು. ಅಣ್ಣ ಸ್ಟೇರಿಂಗು, ತಂಗಿ ಬ್ರೇಕು. ಆಟವೇನೋ ಛಲೋ. ಆದರೆ ಅದನ್ನು ಮಾಡಿದವರು ಆಡುವವರ ಜೀವ ಹಿಂಡಲೆಂದೇ ಮಾಡಿದಂತಿದೆ. ಬ್ರೇಕಿನ ಗುಂಡಿ ಸಾಸಿವೆ ಕಾಳಿನಷ್ಟು. ಇಳಿಜಾರಿನ ನಡುವೆ ಸೋಪಿನ ಜಾಹೀರಾತು ಬಂದು ರಸ್ತೆ ಮುಚ್ಚುತ್ತದೆ. ಢಾಬಾ ಮುಟ್ಟುವ ತನಕ ಯಾವುದೂ ಉಳಿಯುವುದಿಲ್ಲ. ಲಾರಿ ಉರುಳಿದರೂ ಅಳಿಸಿಹೋಯಿತು, ಆಟ ಮುಚ್ಚಿದರೂ ಅಳಿಸಿಹೋಯಿತು.

ಎಲ್ಲಕ್ಕಿಂತ ದೊಡ್ಡ ಪೀಡೆ ಇನ್ನೊಂದು. ಆಡುವಾಗ ಒಬ್ಬರಿಗೊಬ್ಬರು ದನಿಯಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಬಹುದು. ಆದರೆ ಬಂದ ಮಾತನ್ನು ಕೇಳಲು ಆಗುವುದು ಲಾರಿ ಢಾಬಾದಲ್ಲಿ ನಿಂತ ಮೇಲೆ ಮಾತ್ರ. ಗಾಡಿ ಓಡಿಸುವಾಗ ಫೋನಿನಲ್ಲಿ ಮಾತಾಡಬಾರದು ಎಂಬ ಶಿಸ್ತು ಕಲಿಸಲು ಹೀಗೆ ಮಾಡಿದರಂತೆ. ಎಂಥ ಬುದ್ಧಿವಂತರೋ! ಜೊತೆಗಾರ ಕಟ್ ಆಗಿಹೋದರೂ ಅದೇ ನಿಯಮ. ಲಾರಿ ನಿಂತಲ್ಲೇ ನಿಲ್ಲುತ್ತದೆ. ಉಳಿದವರು ಬೇಕಾದರೆ ಎರಡೂ ಕೆಲಸ ತಾವೇ ಮಾಡಿ ಓಡಿಸಿಕೊಂಡು ಹೋಗಬಹುದು. ಉರುಳಿದರೆ ಮಾತೂ ಹೋಯಿತು.

ಶಾಹೀನ್‌ಳ ಪರದೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಇತ್ತು, ಅದರೊಳಗೆ ‘1’ ಎಂಬ ಅಂಕಿ. ಕಟ್ ಆಗುವ ಮುಂಚೆ ಅಣ್ಣ ಕಳಿಸಿದ, ಆಕೆ ಇನ್ನೂ ಕೇಳದ ಒಂದು ಮಾತು.

“ಅಂವಾ ಆಡಾಕ ಕೂಡೂ ಜಾಗಾ ಬದ್ಲಿ ಮಾಡಿದಾಗೆಲ್ಲ ಇದರಾಗ ಹೇಳ್ತಿದ್ದ್ರಿ, ಇಲ್ಲಿ ನೆಟ್ ಛಲೋ ಐತಿ, ಇಲ್ಲಿ ಕುಂತೀನಿ ಅಂತ. ನಿನ್ನಿನೂ ಬ್ಯಾರೆ ಕಡಿ ಹೊಂಟಿದ್ದ. ಅದ ಇರಬೇಕ್ರಿ ಇದು,” ಎಂದಳು. ಆಮೇಲೆ ಮೊಬೈಲನ್ನು ನನ್ನ ಕಡೆ ಚಾಚಿದಳು. “ನನಗ ಸ್ಟೇರಿಂಗ್ ಬರಂಗಿಲ್ರಿ. ಒಬ್ಬಾಕಿನ ಹೊಡದ್ರ ಬೀಳ್ತೈತಿ. ಮತ್ತೊಂದ್ ಸಲ ಮಾಡೂ ಹಂಗಿಲ್ಲ. ನಿಮ್ಮ ಸ್ಟೇಷನ್ಯಾಗ ಯಾರಿಗರ ಈ ಆಟ ಬರ್ತೈತೇನ್ರಿ? ಸ್ಟೇರಿಂಗ್ ಅವ್ರ ಹಿಡೀಲಿ, ಬ್ರೇಕ್ ನಾ ಹಿಡೀತೀನಿ.”

ಮೂವತ್ತೈದು ವರ್ಷದಲ್ಲಿ ಜನ ಠಾಣೆಗೆ ಬಂದು ಏನೇನೋ ಕೇಳಿದ್ದಾರೆ. ಯಾರಾದರೂ ಬಂದು ಆಟ ಆಡಿ ಎಂದು ಕೇಳಿದ್ದು ಅದೇ ಮೊದಲು. ನನಗೆ ಅದು ಗೇಲಿಯಂತೆ ಕಂಡಿತು.

ನನ್ನ ಹಿಂದೆ ಬಾಗಿಲ ಹತ್ತಿರ ಮಹಿಳಾ ಕಾನ್‌ಸ್ಟೆಬಲ್ ರೇಣುಕಾ ನಿಂತಿದ್ದಳು. ಎರಡು ಮಕ್ಕಳ ತಾಯಿ, ಕೆಲಸದಲ್ಲಿ ಚುರುಕು. ಒಂದು ವಾರದ ಹಿಂದೆ ಊಟದ ಹೊತ್ತಿನಲ್ಲಿ ಆಕೆ ಮೊಬೈಲಿನಲ್ಲಿ ಏನೋ ಆಡುತ್ತಿದ್ದುದನ್ನು ನೋಡಿ, “ಇದು ಸ್ಟೇಷನ್ನೋ ಸಂತಿಯೋ?” ಎಂದು ಎಲ್ಲರ ಮುಂದೆ ಮಾನ ಕಳೆದಿದ್ದೆ. ಈಗ ಆಕೆ ಒಂದು ಹೆಜ್ಜೆ ಮುಂದೆ ಬಂದು, “ಸರ್, ಒಂದ್ ನಿಮಿಷ...” ಎಂದಳು.

“ನಿನ್ನ ಕೇಳಿದ್ನೇನ?” ಎಂದೆ. ಆಕೆ ಬಾಯಿ ಮುಚ್ಚಿ ಹಿಂದೆ ಸರಿದಳು.

ಶಾಹೀನ್‌ಳ ಕೈಯಿಂದ ಮೊಬೈಲು ತೆಗೆದುಕೊಂಡೆ. ಕಸಿದುಕೊಂಡೆ ಎನ್ನುವುದೇ ಸರಿ. “ಬಂದ್ ಮಾಡಬ್ಯಾಡ್ರಿ ಸಾಹೇಬ್ರ, ನಿಮ್ಮ ಕಾಲಿಗಿ ಬೀಳ್ತೀನಿ, ಬಂದ್ ಮಾಡಬ್ಯಾಡ್ರಿ,” ಎಂದು ಆಕೆ ಮೇಜಿನ ಅಂಚು ಹಿಡಿದು ಬಗ್ಗಿದಳು. ಬೇಡ ಬೇಡ ಎಂದಷ್ಟೂ ನನ್ನ ಗುಮಾನಿ ಹೆಚ್ಚಾಯಿತು. ಪವರ್ ಬ್ಯಾಂಕಿನ ವೈರು ಕಿತ್ತೆ. ಪಕ್ಕದ ಗುಂಡಿ ಒತ್ತಿ ಹಿಡಿದೆ. ಲಾರಿ ಒಂದು ಕ್ಷಣ ಮಬ್ಬಾಗಿ, ಪರದೆ ಕಪ್ಪಾಯಿತು.

ಆಕೆ ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಖಾಲಿಯಾದ ತನ್ನ ಕೈಗಳನ್ನು ನೋಡಿಕೊಂಡು, “ಅದರಾಗ ನಮ್ಮಣ್ಣನ ಮಾತ ಇತ್ರಿ,” ಎಂದಷ್ಟೇ ಅಂದಳು.

ನಾನು ಎದುರಿನ ಹೋಟೆಲಿನವನನ್ನೂ ಪಂಕ್ಚರ್ ಅಂಗಡಿಯವನನ್ನೂ ಸಾಕ್ಷಿಗೆ ಕರೆಸಿದೆ. ಮೊಬೈಲಿನ ಬಣ್ಣ, ಗಾಜಿನ ಎಡಮೂಲೆಯ ಸೀಳು, ಹಿಂದಿನ ಕವಚದ ಮೇಲಿನ ಹೂವು, ಎಲ್ಲ ಬರೆದೆ. ಬಟ್ಟೆ, ದಾರ, ಅರಗು, ಮುದ್ರೆ. ಮುದ್ರೆ ಅಚ್ಚುಕಟ್ಟಾಗಿ ಬಿದ್ದಿತ್ತು. ಎಲ್ಲ ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಈ ನಲವತ್ತು ನಿಮಿಷ ನೆನಪಿಡಿ.

ಮಧ್ಯಾಹ್ನ ಮೂರಕ್ಕೆ ಸ್ಥಳ ಪಂಚನಾಮೆಗೆ ಮೂರನೇ ಫ್ಯಾನಿನ ಹತ್ತಿರ ಹೋದೆವು. ಬಿಸಿಲು ಅಂದರೆ ಬಿಸಿಲು, ಕಲ್ಲು ಮುಟ್ಟಿದರೆ ಬೊಬ್ಬೆ ಏಳುವಂಥದ್ದು. ಮೇಲೆ ರೆಕ್ಕೆಗಳು ತಿರುಗುವ ಸದ್ದು. ದೂರದಿಂದ ನೋಡುವವರಿಗೆ ಫ್ಯಾನು ಸುಮ್ಮನೆ ತಿರುಗಿದಂತೆ ಕಾಣುತ್ತದೆ, ಬುಡದಲ್ಲಿ ನಿಂತರೆ ಪಕ್ಕದವರ ಮಾತು ಕೇಳಲು ಕಿವಿಗೊಡಬೇಕು. ಗಾರ್ಡ್ ರೂಮಿನಲ್ಲಿ ಕಂಡದ್ದನ್ನು ಬರೆದೆ: ನೀರಿನ ಕೊಡ ಒಂದು, ಕುರ್ಚಿ ಒಂದು, ತೊಳೆದಿಟ್ಟ ಬುತ್ತಿ ಡಬ್ಬಿ ಒಂದು, ಮೊಳೆಗೆ ತೂಗುಹಾಕಿದ ಕೈಚೀಲ ಒಂದು, ಅದರಲ್ಲಿ ಮನೆಯ ಕೀಲಿ. ಓಡಿಹೋಗುವವನು ಮನೆಯ ಕೀಲಿ ಬಿಟ್ಟು ಹೋಗುತ್ತಾನೆಯೇ ಎಂದು ನನ್ನ ಪೆನ್ನು ನನ್ನನ್ನು ಕೇಳಲಿಲ್ಲ. ಬರೆದದ್ದನ್ನು ಯೋಚಿಸುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು.

ಆಗ, ಬರೆಯುತ್ತಿರುವಾಗಲೇ, ಸಣ್ಣಗೆ ಒಂದು ಸೀಟಿಯ ಸದ್ದು ಕೇಳಿಸಿತು. ಎರಡು ಸಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು ಸಲ. ತಲೆಯೆತ್ತಿ, “ಅದೇನು?” ಎಂದೆ.

“ಗಾರ್ಡ್‌ಗಳ ಸೀಟಿ ಸರ್,” ಎಂದ ಸೂಪರ್‌ವೈಸರ್. “ತಾಸಿಗೊಮ್ಮಿ ಊದ್ತಾರ. ನಾ ಅದೀನಿ, ಎದ್ದೀನಿ ಅಂತ ಒಬ್ಬರಿಗೊಬ್ಬರು ಹೇಳೂದು. ನಮ್ಮಲ್ಲಿ ಅದು ರೂಲ್ ಐತ್ರಿ.”

ಒಳ್ಳೆಯ ರೂಲ್ ಎಂದು ತಲೆ ಅಲ್ಲಾಡಿಸಿ ಮತ್ತೆ ಬರೆಯತೊಡಗಿದೆ. ಗಂಟೆ ನೋಡಿದ್ದೆ, ಮೂರೂ ಮೂವತ್ತೈದು. ತಾಸಿಗೊಮ್ಮೆ ಊದುವ ಸೀಟಿ ಮೂವತ್ತೈದು ನಿಮಿಷಕ್ಕೆ ಯಾಕೆ ಬಂತು? ಅದನ್ನೂ ಕೇಳಲಿಲ್ಲ.

ಗುರುವಾರ ಬಸ್ ನಿಲ್ದಾಣಗಳಿಗೆ, ಕೊಪ್ಪಳದ ರೈಲು ನಿಲ್ದಾಣಕ್ಕೆ, ಗುಜರಿ ಅಂಗಡಿಗಳಿಗೆ ಜನ ಕಳಿಸಿದೆ. ರಾಜಾಸಾಬನ ಮೊಬೈಲು ಕೊನೆಗೆ ಯಾವ ಟವರಿನ ಕೆಳಗಿತ್ತು ಎಂಬ ವರದಿ ಬಂತು. ಗುಡ್ಡದ ಟವರೇ. ಆ ಟವರಿನ ವ್ಯಾಪ್ತಿ ಹತ್ತಾರು ಹಳ್ಳಿ. ಫೋನು ಅಲ್ಲೇ ಬಂದ್ ಮಾಡಿ ಓಡಿದ್ದಾನೆ ಎಂದು ನಾನು ಅರ್ಥ ಹೇಳಿದೆ. ಮಧ್ಯಾಹ್ನ ಪಿಎಸ್‌ಐ ಸಾಹೇಬರು ಗಂಗಾವತಿಯಿಂದ ಮರಳಿದರು. ಎಲ್ಲ ಕೇಳಿಸಿಕೊಂಡು, ವಯಸ್ಸಿನಲ್ಲಿ ನನ್ನ ಮಗನಂಥವರು, ಬಹಳ ಮೆತ್ತಗೆ, “ಶರಣಪ್ಪನವರೇ, ಆ ಮಾತಿನಲ್ಲಿ ಏನಿತ್ತು?” ಎಂದರು.

ಅದೇ ಸಾಕ್ಷಿಗಳನ್ನು ಮತ್ತೆ ಕರೆಸಿ ಮುದ್ರೆ ಒಡೆದೆವು. ಮೊಬೈಲು ಆನ್ ಮಾಡಿದೆವು. ಶಾಹೀನ್ ಠಾಣೆಯ ಅಂಗಳದ ಬೇವಿನ ಗಿಡದ ಕೆಳಗೆ ಎರಡು ದಿನದಿಂದ ತಾಯಿಯೊಂದಿಗೆ ಕೂತಿದ್ದಳು, ಆಕೆಯನ್ನು ಒಳಗೆ ಕರೆದೆವು. ಆಟ ತೆರೆದುಕೊಂಡಿತು. ಬಣ್ಣದ ಲಾರಿ, ಡೋಲಿನ ಸಂಗೀತ, ‘ಹೊಸ ಪ್ರಯಾಣ ಆರಂಭಿಸಿ’ ಎಂಬ ಹಸಿರು ಗುಂಡಿ. ಕೆಂಪು ಚುಕ್ಕೆ ಇರಲಿಲ್ಲ.

“ಕಂಪನಿಯವರಿಗೆ ಬರಿಯೋಣು,” ಎಂದೆ. ನನ್ನ ದನಿ ನನಗೇ ಯಾರದೋ ಎನಿಸಿತು.

ಆಗ ರೇಣುಕಾ ಬಾಯಿ ಬಿಟ್ಟಳು. “ಸರ್, ನನಗ ಸ್ಟೇರಿಂಗ್ ಬರ್ತೈತಿ. ನನ್ನ ಗಂಡ ಸಿದ್ದಾಪುರದಾಗ ಅಕ್ಕಿ ಗಿರಣ್ಯಾಗ ಅದಾನ. ನಾವಿಬ್ರೂ ಆಡ್ತೀವಿ. ಆ ತಿರುವು ನನಗ ಗೊತ್ತು. ನಿನ್ನಿ ಹೇಳಾಕ ಬಂದಿದ್ನಿ.”

ನಾನು ಆಕೆಯ ಮುಖ ನೋಡಲಾರದೆ ಮೇಜಿನ ಮೇಲೆ ಒಡೆದು ಬಿದ್ದಿದ್ದ ಅರಗಿನ ಚೂರು ಆರಿಸಿದೆ. ಪಿಎಸ್‌ಐ ಸಾಹೇಬರು ಕೂಡಲೇ ಗುಡ್ಡ ಹುಡುಕಲು ಹೊರಟರು. ಮೂರನೆಯದರ ಬಳಿ ಆಗಲೇ ಹೋಗಿಬಂದಿದ್ದೇವೆಂದು, ಕತ್ತಲಾಗುವ ತನಕ ಒಂದನೇ ಫ್ಯಾನಿನಿಂದ ಎರಡನೇ ಫ್ಯಾನಿನವರೆಗೆ ಪೊದೆ ಪೊದೆ ನೋಡಿದೆವು. ಮಾರನೇ ದಿನ ಬೆಳಿಗ್ಗೆ ಮುಂದಿನದನ್ನು ಹುಡುಕಬೇಕೆಂದು ಇಳಿದು ಬಂದೆವು.

ಶುಕ್ರವಾರ ಏಳು ಗಂಟೆಗೆ, ನಾವು ಹೊರಡುವ ಮುಂಚೆಯೇ, ಕುರಿ ಕಾಯುವ ಒಬ್ಬ ಮುದುಕ ಬಂದು ಹೇಳಿದ. ಮೂರನೇ ಫ್ಯಾನಿನ ಹಿಂದೆ ಸುಮಾರು ಮುನ್ನೂರು ಹೆಜ್ಜೆ ದೂರದಲ್ಲಿ, ಎಂದೋ ಬಿಟ್ಟುಹೋದ ಕಲ್ಲುಕ್ವಾರಿಯ ಗುಂಡಿ ಇದೆ. ಅದರೊಳಗೆ ಹೆಣ.

ಗುಂಡಿಯ ದಂಡೆಯ ಮೇಲೆ ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಕೂರಲು ಹಾಸಲಾಗಿತ್ತು. ಪಕ್ಕದಲ್ಲಿ ಶೇಂಗಾ ಸಿಪ್ಪೆ. ರೇಣುಕಾ ತನ್ನ ಮೊಬೈಲು ತೆಗೆದು ನೋಡಿ, “ನೆಟ್ ಫುಲ್ ಐತಿ ಸರ್,” ಎಂದಳು. ಗಾರ್ಡ್ ರೂಮಿನಲ್ಲಿ ನೆಟ್ ಒಂದೇ ಗೀಟು ಬರುತ್ತಿತ್ತು. ನೆಟ್ ಮಂದವಾದರೆ ಸ್ಟೇರಿಂಗು ತಡವಾಗಿ ತಿರುಗಿ ಲಾರಿ ಉರುಳುತ್ತದೆ, ಅಲ್ಲಿಯ ತನಕ ಆಡಿದ್ದೆಲ್ಲ ನೀರಿನಲ್ಲಿ ಹೋಮ. ಅದಕ್ಕೇ ಅವನು ಆ ದಂಡೆಗೆ ಬಂದು ಕೂತಿದ್ದ. ಗೋಣಿಚೀಲದ ಮುಂದಿನ ಮಣ್ಣು ಕುಸಿದಿತ್ತು.

ಕೆಳಗೆ ಇಳಿದವರು ಮೇಲೆ ಬಂದು ಹೇಳಿದ್ದನ್ನು ನಾನೇ ಬರೆದುಕೊಂಡೆ. ಬಲತೊಡೆಯ ಎಲುಬು ಮುರಿದಿತ್ತು. ತನ್ನ ಅಂಗಿ ಹರಿದು ಕಾಲಿಗೆ ಬಿಗಿದುಕೊಂಡಿದ್ದ. ಮೊಬೈಲು ಬಂಡೆಗೆ ಬಡಿದು ಎರಡು ಹೋಳಾಗಿತ್ತು. ಕಾವಲುಗಾರರು ತೊಡುವ ಮಿಂಚುಪಟ್ಟಿಯ ಜಾಕೀಟನ್ನು ಒಂದು ಕಡ್ಡಿಗೆ ಸಿಕ್ಕಿಸಿ, ಕೈಗೆ ಎಟುಕುವಷ್ಟು ಎತ್ತರದ ಬಂಡೆಯ ಸಂದಿನಲ್ಲಿ ನೆಟ್ಟಿದ್ದ. ದಂಡೆಗೆ ಬಂದು ಬಗ್ಗಿ ನೋಡಿದವರಿಗಷ್ಟೇ ಅದು ಕಾಣುವಂತಿತ್ತು. ಸೀಟಿ ಅವನ ಬಲಗೈ ಮುಷ್ಟಿಯೊಳಗಿತ್ತು.

ಆ ಪಂಚನಾಮೆ ಬರೆಯುವಾಗ ನನ್ನ ಅಕ್ಷರ ಮೊದಲ ಸಲ ಕೆಟ್ಟಿತು. ಶವಪರೀಕ್ಷೆ ಮಾಡಿದ ಡಾಕ್ಟರು ಹೇಳಿದ್ದು ಇಷ್ಟು: ತಲೆಗೆ ಪೆಟ್ಟಿಲ್ಲ, ಬಿದ್ದ ಪೆಟ್ಟಿಗೆ ಸತ್ತದ್ದಲ್ಲ, ನೀರಿಲ್ಲದೆ, ಬಿಸಿಲಿಗೆ ಹೋಗಿದ್ದಾನೆ, ಬುಧವಾರ ರಾತ್ರಿಯೋ ಗುರುವಾರ ನಸುಕಿನಲ್ಲೋ ಜೀವ ಹೋಗಿರಬೇಕು. ಬುಧವಾರ ಮೂರೂ ಮೂವತ್ತೈದಕ್ಕೆ ನಾನು ಕೇಳಿದ ಸೀಟಿ ಯಾರದು ಎಂದು ಡಾಕ್ಟರಿಗೆ ನಾನು ಹೇಳಲಿಲ್ಲ. ಹೊರಗೆ ಬಂದು ಆಸ್ಪತ್ರೆಯ ಗೋಡೆಗೆ ಹಣೆ ಹಚ್ಚಿ ನಿಂತೆ.

ಆಟದ ಕಂಪನಿಯಿಂದ ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು. ಪ್ರಯಾಣ ಅಳಿದರೆ ಅದರಲ್ಲಿನ ಮಾತುಗಳೂ ಅಳಿಯುತ್ತವೆ, ತಮ್ಮಲ್ಲಿ ನಕಲು ಇರುವುದಿಲ್ಲ, ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಬರೆದಿದ್ದರು. ಎರಡು ತಿಂಗಳಾದ ಮೇಲೆ ಹಿಟ್ನಾಳದ ಹತ್ತಿರ ಹೆದ್ದಾರಿಯಲ್ಲಿ ತಡೆದ ಗೂಡ್ಸ್ ಗಾಡಿಯೊಂದರಲ್ಲಿ ಆ ಕೇಬಲ್ ಸಿಕ್ಕಿತು. ಸಿಕ್ಕವರಿಗೂ ರಾಜಾಸಾಬನಿಗೂ ಮುಖ ಪರಿಚಯವೂ ಇರಲಿಲ್ಲ. ಅವನು ಸಾಯುವ ಮೂರು ದಿನ ಮೊದಲೇ ಕೇಬಲ್ ಹೋಗಿತ್ತು. ಎಫ್‌ಐಆರ್‌ನಿಂದ ಅವನ ಹೆಸರು ತೆಗೆಸಿದೆವು. ಸತ್ತವನಿಗೆ ಅದರಿಂದ ಏನಾಗಬೇಕು?

ನನ್ನ ಮೇಲೆ ಇಲಾಖೆ ವಿಚಾರಣೆ ಆಯಿತು. ಮೊಬೈಲನ್ನು ಆಫ್ ಮಾಡಿ ಮುದ್ರೆ ಹಾಕಿದ್ದು ರೂಢಿಯಂತೆಯೇ ಇದೆ, ದುರುದ್ದೇಶ ಕಾಣುವುದಿಲ್ಲ ಎಂದು ಬರೆದು ಕೈಬಿಟ್ಟರು. ಶಿಕ್ಷೆಯಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಿವೃತ್ತಿಗೆ ಒಂದು ತಿಂಗಳಿದ್ದಾಗ ಶಾಹೀನ್‌ಳ ಮೊಬೈಲನ್ನು ಆಕೆಗೆ ಮರಳಿಸುವಂತೆ ಕೋರ್ಟಿನ ಆದೇಶ ಬಂತು. ಕಾನ್‌ಸ್ಟೆಬಲ್ ಕೈಯಲ್ಲಿ ಕಳಿಸಬಹುದಿತ್ತು. ನಾನೇ ಕುಷ್ಟಗಿಗೆ ಹೋದೆ. ರೇಣುಕಾಳನ್ನೂ ಜೊತೆಗೆ ಬರುವಂತೆ ಕೇಳಿಕೊಂಡೆ. ನೌಕರಿಯಲ್ಲಿ ನಾನು ಕೈಕೆಳಗಿನವರನ್ನು ಕೇಳಿಕೊಂಡದ್ದು ಅಪರೂಪ.

ಬಾಗಿಲ ಪಕ್ಕದಲ್ಲೇ ಹೊಲಿಗೆ ಯಂತ್ರ. ಶಾಹೀನ್ ಒಂದು ಹಸಿರು ಬ್ಲೌಸಿಗೆ ತೋಳು ಹಚ್ಚುತ್ತಿದ್ದಳು. ತಾಯಿ ನನ್ನನ್ನು ಗುರುತಿಸಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ನಾನು ಬಟ್ಟೆಯ ಪೊಟ್ಟಣ ಮುಂದಿಟ್ಟೆ. ಮೇಲೆ, ಅವತ್ತು ಒಡೆದು ನೋಡಿದ ನಂತರ ಮತ್ತೆ ಒತ್ತಿದ ನನ್ನ ಎರಡನೇ ಮುದ್ರೆ. ಆಕೆ ಕತ್ತರಿ ತೆಗೆದು, ದಾರ ಕತ್ತರಿಸಿ, ಅರಗಿನ ಬಿಲ್ಲೆಯನ್ನು ಚೂರಿನ ಬಟ್ಟೆಗಳ ಬುಟ್ಟಿಗೆ ಹಾಕಿದಳು.

“ತಪ್ಪಾತವಾ ತಂಗಿ,” ಎಂದೆ.

ಆಕೆ ಮೊಬೈಲನ್ನು ಯಂತ್ರದ ಪಕ್ಕದಲ್ಲಿಟ್ಟಳು. ಆಮೇಲೆ ರೇಣುಕಾಳ ಕಡೆ ನೋಡಿ, “ಅಕ್ಕಾ, ನಿಮಗ ಅವತ್ತ ಸ್ಟೇರಿಂಗ್ ಬರ್ತಿತ್ತಂತ, ಹೌದೇನ್ರಿ?” ಎಂದು ಕೇಳಿದಳು. ರೇಣುಕಾ ಹೌದೆಂದು ತಲೆ ಹಾಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಸಾಹೇಬ್ರ,” ಎಂದಳು ಶಾಹೀನ್ ನನಗೆ, “ನೀವು ಹೊಡದಿದ್ರ ಮರೀತಿದ್ನ್ರಿ. ಬೈದದ್ದನೂ ಮರತೀನಿ. ಬ್ಯಾಡ್ರಿ ಅಂದ್ರೂ ಬಂದ್ ಮಾಡಿದ್ದು ಮರ್ಯಾಕ ಆಗವಲ್ದು.” ಅಷ್ಟು ಹೇಳಿ ಯಂತ್ರದ ಪೆಡಲ್ ತುಳಿಯತೊಡಗಿದಳು. ನಾವು ಎದ್ದು ಬಂದೆವು.

ಬಸ್ಸಿನಲ್ಲಿ ರೇಣುಕಾಳನ್ನು ಕೇಳಿದೆ, ಅಷ್ಟು ಕೆಟ್ಟ ಆಟವನ್ನು ನೀವೆಲ್ಲ ಯಾಕೆ ಆಡುತ್ತೀರಿ ಎಂದು.

“ಸುಡುಗಾಡ ಆಟ ಸರ್ ಅದು,” ಎಂದಳು. “ದಿನಾ ಬೈಕೋಂತನ ಆಡ್ತೀವಿ. ಆದ್ರ ನಾ ಇಲ್ಲಿ, ಗಂಡ ಅಲ್ಲಿ. ಫೋನಿನ್ಯಾಗ ಮಾತಾಡಿದ್ರ ಹತ್ತ ನಿಮಿಷಕ್ಕ ಜಗಳಾ ಬರ್ತೈತಿ. ಆಟದಾಗ ಜಗಳಾಡೂ ಹಂಗಿಲ್ಲ, ಜಗಳಾಡಿದ್ರ ಲಾರಿ ಬೀಳ್ತೈತಿ. ಢಾಬಾ ಮುಟ್ಟಿದಾಗ ಅಂವಾ ಕಳಿಸಿದ ಮಾತ ಕೇಳೂದು ಐತಲ್ಲ, ಅದು ಭಾಳ ಛಲೋ ಅನಸ್ತೈತಿ ಸರ್. ಕಾದು ಕಾದು ಕೇಳಿರ್ತೀವಲ್ಲ.”

ನಿವೃತ್ತನಾದ ಮೇಲೆ ಆ ಆಟವನ್ನು ನನ್ನ ಮೊಬೈಲಿಗೂ ಹಾಕಿಸಿಕೊಂಡೆ. ಒಬ್ಬನೇ ಆಡುತ್ತೇನೆ, ಸ್ಟೇರಿಂಗೂ ಬ್ರೇಕೂ ಎರಡೂ ನಾನೇ. ನನ್ನ ದಪ್ಪ ಬೆರಳಿಗೆ ಆ ಗುಂಡಿ ಸಿಗುವುದೇ ಇಲ್ಲ. ಮೊದಲ ತಿಂಗಳಂತೂ ಲಾರಿ ಎರಡನೇ ತಿರುವು ದಾಟಲಿಲ್ಲ. ಸೋಪಿನ ಜಾಹೀರಾತು ಬಂದಾಗೆಲ್ಲ ಮೊಬೈಲನ್ನು ಬಾವಿಗೆ ಎಸೆಯಬೇಕು ಎನಿಸುತ್ತದೆ. “ನೌಕರಿ ಮುಗದ ಮ್ಯಾಲ ಲಾರಿ ಡ್ರೈವರ್ ಆದ್ರೆಲ್ಲ!” ಎಂದು ಹೆಂಡತಿ ಕಾಡಿಸುತ್ತಾಳೆ. ಆದರೂ ಒಂದು ತಿರುವನ್ನು ಚೀಲ ಬೀಳಿಸದೆ ದಾಟಿದಾಗ ಆಗುವ ಖುಷಿ ಇದೆಯಲ್ಲ, ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ನಿಜವಾದ ಖುಷಿ. ಆ ಖುಷಿಯ ಹಿಂದೆಯೇ ರಾಜಾಸಾಬನ ನೆನಪು ಬಂದು ಅದನ್ನು ತಿಂದುಹಾಕುತ್ತದೆ. ಅವನೂ ಹೀಗೆಯೇ ಖುಷಿಪಡುತ್ತ ಆ ದಂಡೆಯ ಮೇಲೆ ಕೂತಿದ್ದ.

ಈಚೆಗೆ ಹೊಸದಾಗಿ ಸೇರಿದ ಪೊಲೀಸರಿಗೆ ಪಂಚನಾಮೆ ಬರೆಯುವುದನ್ನು ಹೇಳಿಕೊಡಲು ನನ್ನನ್ನು ಕೊಪ್ಪಳಕ್ಕೆ ಕರೆದಿದ್ದರು. ಬಟ್ಟೆ ಹೊಲಿಯುವುದು, ದಾರದ ಗಂಟು, ಅರಗಿನ ಹದ, ಎಲ್ಲ ತೋರಿಸಿದೆ. ಕೊನೆಗೆ ಈ ಕಥೆ ಹೇಳಿದೆ. ವಸ್ತುವಿಗೆ ಮುದ್ರೆ ಒತ್ತುವ ಮುಂಚೆ ಅದನ್ನು ತಂದವರು ಹೇಳುವುದನ್ನು ಪೂರ್ತಿ ಕೇಳಿ, ನಿಮಗೆ ತಿಳಿಯದಿದ್ದರೆ ತಿಳಿದವರು ನಿಮ್ಮ ಬೆನ್ನ ಹಿಂದೆಯೇ ನಿಂತಿರಬಹುದು, ತಿರುಗಿ ನೋಡಿ ಎಂದೆ. ನೌಕರಿ ನನಗೆ ಕಲಿಸಿದ್ದು ಇದೊಂದೇ, ಅದೂ ತಡವಾಗಿ.

ಕಳೆದ ವಾರ ಮಧ್ಯಾಹ್ನ ಮನೆಯ ಕಟ್ಟೆಯ ಮೇಲೆ ಕೂತು ಆಡುತ್ತಿದ್ದೆ. ಆ ತಿರುವು ಬಂತು, ಶಾಹೀನ್‌ಳ ಲಾರಿ ನಿಂತಿದ್ದ ತಿರುವು. ಗಡಿಯಾರ ನೋಡಿಕೊಂಡೆ. ಉಸಿರು ಬಿಗಿಹಿಡಿದು ಇಳಿಸಿದೆ, ತಿರುಗಿಸಿದೆ, ಹಿಡಿದೆ. ಲಾರಿ ಬೀಳಲಿಲ್ಲ. ಮೊದಲ ಸಲ ನನ್ನ ಲಾರಿ ಢಾಬಾದ ಅಂಗಳಕ್ಕೆ ಹೋಗಿ ನಿಂತಿತು. ಮತ್ತೆ ಗಡಿಯಾರ ನೋಡಿದೆ. ಅಲ್ಲಿಂದ ಇಲ್ಲಿಗೆ ಆರು ನಿಮಿಷ. ಆವತ್ತು ಮುದ್ರೆ ಒತ್ತಿ ಮುಗಿಸಲು ನಾನು ತೆಗೆದುಕೊಂಡದ್ದು ನಲವತ್ತು. ಪರದೆಯ ಮೇಲೆ ಮಾತಿನ ಡಬ್ಬಿ ತಾನಾಗಿ ತೆರೆದುಕೊಂಡಿತು. ‘ನಿಮಗೆ ಯಾವ ಸಂದೇಶವೂ ಇಲ್ಲ’ ಎಂದು ಅದರಲ್ಲಿ ಬರೆದಿತ್ತು.